ದೊಡ್ಡಮ್ಮನ ಕೇಸು, ಅಣ್ಣನ ಜಾಮೀನು

ವಯಸ್ಸಾದ ತಾಯಿಯ ಮೇಲೆ ಕೈ ಮಾಡಿದ ಮಗನ ವಿರುದ್ಧ ದೂರು ಕೊಡಬೇಕೋ ಬೇಡವೋ ಎಂದು ಮನೆಮಂದಿ ಮಾತಿಗೆ ಕೂತರೆ ಎರಡು ಮಾತು ಬಂದೇ ಬರುತ್ತವೆ. ‘ಕಂಪ್ಲೇಂಟ್ ಕೊಟ್ಟರೆ ಮುಗೀತು, ಜೈಲಿಗೆ ಹಾಕ್ತಾರೆ, ಅವನ ಹೆಂಡತಿ ಮಕ್ಕಳ ಗತಿ ಏನು’ ಅನ್ನುವುದು ಒಂದು. ‘ಕೊಟ್ಟು ಏನು ಬಂತು, ಸಂಜೆಯೊಳಗೆ ಬೇಲ್ ತಗೊಂಡು ಬಂದು ಇನ್ನೂ ನಾಲ್ಕು ಬಿಡ್ತಾನೆ’ ಅನ್ನುವುದು ಇನ್ನೊಂದು. ನಮ್ಮ ಮನೆಯಲ್ಲಿ ಈ ಎರಡು ಮಾತನ್ನೂ ಒಬ್ಬರೇ ಚಿಕ್ಕಪ್ಪ ಒಂದೇ ಮಧ್ಯಾಹ್ನ ಆಡಿದರು.

ಜಾಮೀನು ಅನ್ನುವುದು ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತಾದದ್ದು ದೊಡ್ಡಮ್ಮನ ಕೇಸಿನಲ್ಲಿ. ಅವರ ಮಗ, ನಾನು ಚಿಕ್ಕಂದಿನಿಂದ ಅಣ್ಣ ಅಂತಲೇ ಕರೆದವನು, ಎರಡು ಸಲ ಜಾಮೀನಿನ ಮೇಲೆ ಹೊರಗೆ ಬಂದ. ಮೊದಲ ಸಲ ಬಂದವನು ನೇರವಾಗಿ ದೊಡ್ಡಮ್ಮ ಮಲಗಿದ್ದ ಮನೆಗೇ ಬಂದ. ಎರಡನೆಯ ಸಲ ಹಾಗೆ ಬರಲು ಆಗಲಿಲ್ಲ. ಈ ವ್ಯತ್ಯಾಸ ಹೇಗಾಯಿತು ಅನ್ನುವುದನ್ನು ಇಂಥದೇ ಸಂಕಟದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ. ಇಂಥ ಕೇಸುಗಳಲ್ಲಿ ಆರೋಪಿ ಒಳಗಿದ್ದಾನೋ ಹೊರಗಿದ್ದಾನೋ ಅನ್ನುವುದಕ್ಕಿಂತ, ಅವನು ರಾತ್ರಿ ಯಾವ ಮನೆಯಲ್ಲಿ ಮಲಗುತ್ತಾನೆ ಅನ್ನುವುದರ ಮೇಲೆ ವಯಸ್ಸಾದವರ ಪ್ರಾಣ ನಿಂತಿರುತ್ತದೆ.

ದೊಡ್ಡಮ್ಮನಿಗೆ ಎಪ್ಪತ್ತೇಳು. ಬೆಂಗಳೂರಿನ ಶ್ರೀನಗರದಲ್ಲಿ ದೊಡ್ಡಪ್ಪ ಕಟ್ಟಿಸಿದ ಮನೆ ಅವರ ಹೆಸರಿನಲ್ಲಿದೆ. ದೊಡ್ಡಪ್ಪ ಕೆಇಬಿಯಲ್ಲಿದ್ದರು, ಹಾಗಾಗಿ ಫ್ಯಾಮಿಲಿ ಪೆನ್ಶನ್ ಬರುತ್ತದೆ. ಅಣ್ಣನ ವ್ಯಾಪಾರ ಮುಳುಗಿ ಸಾಲ ಏರಿದ ಮೇಲೆ ‘ಮನೇನ ನನ್ನ ಹೆಸರಿಗೆ ದಾನಪತ್ರ ಮಾಡಿಕೊಡು’ ಅಂತ ಶುರುವಾಯಿತು. ಮೊದಲು ಮಾತು, ಆಮೇಲೆ ಬೈಗುಳ, ಆಮೇಲೆ ಊಟದ ತಟ್ಟೆ ಕಿತ್ತುಕೊಳ್ಳುವುದು. ಒಂದು ಬೆಳಿಗ್ಗೆ ತಳ್ಳಿದ. ದೊಡ್ಡಮ್ಮ ಬಚ್ಚಲುಮನೆಯ ಹೊಸ್ತಿಲ ಮೇಲೆ ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿಯಿತು.

ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಡಾಕ್ಟರ್ ಚಿಕ್ಕ ಹುಡುಗಿ. ‘ಹೇಗಾಯ್ತು ಅಜ್ಜಿ?’ ಎಂದು ಕೇಳಿದಳು. ‘ಜಾರಿ ಬಿದ್ದೆ ಕಣಮ್ಮ’ ಅಂದರು ದೊಡ್ಡಮ್ಮ. ಆ ಹುಡುಗಿ ಏನೂ ಹೇಳದೆ ಅವರ ರವಿಕೆಯ ತೋಳನ್ನು ಮೆಲ್ಲಗೆ ಮೇಲೆ ಸರಿಸಿದಳು. ಮೇಲ್ತೋಳಿನಲ್ಲಿ ನಾಲ್ಕು ಬೆರಳಿನ ಗುರುತು ಹಳದಿಯಾಗಿ ಮಾಸುತ್ತಿತ್ತು, ಅಂದರೆ ಅವತ್ತಿನದಲ್ಲ. ನಮ್ಮನ್ನೆಲ್ಲ ಹೊರಗೆ ಕಳಿಸಿ ಪರದೆ ಎಳೆದು ಇನ್ನೊಂದು ಸಲ ಕೇಳಿದಳು. ಆಗ ದೊಡ್ಡಮ್ಮ ಬಾಯಿ ಬಿಟ್ಟರು. ಆಕೆ ಅದನ್ನು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸು, ಎಂದು ದಾಖಲಿಸಿ ಠಾಣೆಗೆ ತಿಳಿಸಿದಳು. ಮುಂದೆ ಎರಡು ಕೇಸಿನಲ್ಲೂ ನಮ್ಮನ್ನು ಕಾಪಾಡಿದ ಮೊದಲ ಕಾಗದ ಅದೇ. ಹಳೆಯ ಗುರುತು, ಹೊಸ ಗಾಯ ಎರಡನ್ನೂ ಆಕೆ ಬೇರೆ ಬೇರೆಯಾಗಿ ಬರೆದಿದ್ದಳು.

ಠಾಣೆಯಲ್ಲಿ ಮೊದಲು ಎನ್‌ಸಿಆರ್, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡದ ದೂರು, ಅಂದರು. ಬರೀ ‘ಪೆಟ್ಟು’ ಆದರೆ ಅದು ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಜಾಗಕ್ಕೆ ಬಂದದ್ದು) ಕಲಂ 115(2). ಅದು ಅಸಂಜ್ಞೇಯ, ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆಗೆ ಕೈ ಹಾಕುವಂತಿಲ್ಲ. ಎಕ್ಸ್‌ರೇ ವರದಿ ಬಂದ ಮೇಲೆ ಮಾತು ಬದಲಾಯಿತು. ಮೂಳೆ ಮುರಿದರೆ ಅದು ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ. ಕಲಂ 117(2), ಏಳು ವರ್ಷದವರೆಗೆ ಶಿಕ್ಷೆ. ಎಫ್‌ಐಆರ್ ಆಯಿತು. ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೊಟ್ಟರು ಕೂಡ. ಹೇಳಿಕೆ ಬರೆದುಕೊಳ್ಳಲು ಎಸ್‌ಐ ಮನೆಗೇ ಬಂದರು. ಹೆಂಗಸರನ್ನಾಗಲಿ ಅರವತ್ತು ದಾಟಿದವರನ್ನಾಗಲಿ ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವಂತಿಲ್ಲ, ಅವರಿರುವಲ್ಲಿಗೇ ಹೋಗಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) ಕಲಂ 179ರಲ್ಲಿದೆ. ಇದು ಗೊತ್ತಿಲ್ಲದೆ ಎಷ್ಟು ಜನ ಅಜ್ಜ ಅಜ್ಜಿಯರು ಠಾಣೆಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತಿರುತ್ತಾರೋ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಣ್ಣನನ್ನು ಕರೆಸಿದರು. ಅದೇ ಸಂಜೆ ಬಿಟ್ಟರು. ರಾತ್ರಿ ಒಂಬತ್ತಕ್ಕೆ ಅವನು ಮನೆಯಲ್ಲಿದ್ದ.

ನಾನು ಠಾಣೆಗೆ ಹೋಗಿ ಕೂಗಾಡುವ ಹಂತಕ್ಕೆ ಬಂದಿದ್ದೆ. ದುಡ್ಡು ಕೈ ಬದಲಾಗಿದೆ ಅಂತಲೇ ನಮ್ಮವರೆಲ್ಲ ಮಾತಾಡಿಕೊಂಡರು. ಅಲ್ಲಿನ ರೈಟರ್, ಅಂದರೆ ದಾಖಲೆ ಬರೆಯುವ ಪೊಲೀಸರು, ಪುಸ್ತಕ ತೆಗೆದು ತೋರಿಸಿದರು. ಏಳು ವರ್ಷ ಶಿಕ್ಷೆ ಇದ್ದರೂ 117(2) ಜಾಮೀನು ಪಡೆಯಬಹುದಾದ ಅಪರಾಧಗಳ ಪಟ್ಟಿಯಲ್ಲಿದೆ. ಅಂಥ ಅಪರಾಧದಲ್ಲಿ ಆರೋಪಿ ಜಾಮೀನು ಕೊಡಲು ತಯಾರಿದ್ದರೆ ಬಿಡಲೇಬೇಕು. ಅದು ಅವನ ಹಕ್ಕು, ಸುರಕ್ಷಾ ಸಂಹಿತೆಯ ಕಲಂ 478. ಠಾಣಾಧಿಕಾರಿಯೇ ಬಿಡಬಹುದು, ಅದನ್ನೇ ಸ್ಟೇಷನ್ ಬೇಲ್ ಅನ್ನುವುದು. ‘ಮನೆಗೆ ಹೋಗಬೇಡ’ ಅಂತ ಷರತ್ತು ಹಾಕುವುದಕ್ಕೂ ಬರುವುದಿಲ್ಲ. ಕರೆದಾಗ ಬರುತ್ತೇನೆ ಎಂಬ ಮುಚ್ಚಳಿಕೆ ಬರೆಸಿಕೊಳ್ಳಬಹುದು, ಅಷ್ಟೇ.

ಅವರು ಹೇಳಿದ್ದು ಕಾನೂನು. ಆದರೆ ಆ ರಾತ್ರಿ ದೊಡ್ಡಮ್ಮ ಕೋಣೆಯ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿ ಮಲಗಿದರು ಅನ್ನುವುದೂ ಅಷ್ಟೇ ನಿಜ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಹಿರಿಯ ನಾಗರಿಕರಿಗೆಂದೇ 2007ರಲ್ಲಿ ಒಂದು ಕಾಯ್ದೆ ಬಂದಿದೆ, ಅದರಡಿ ಮಗನನ್ನು ಒಳಗೆ ಹಾಕಿಸಬಹುದು ಅಂತ ತುಂಬ ಜನ ನಂಬಿದ್ದಾರೆ. ಆ ಕಾಯ್ದೆಯಲ್ಲಿ ಶಿಕ್ಷೆಯ ಮಾತು ಬರುವುದು ಮುಖ್ಯವಾಗಿ ವಯಸ್ಸಾದವರನ್ನು ಎಲ್ಲೋ ಬಿಟ್ಟು ಕೈ ತೊಳೆದುಕೊಂಡರೆ. ಅದಕ್ಕೂ ಮೂರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅದೂ ಜಾಮೀನು ಸಿಗುವ ಅಪರಾಧವೇ. ಹೊಡೆತ, ಬೆದರಿಕೆ, ಕೂಡಿಹಾಕುವುದು, ಮೋಸ ಮಾಡಿ ಸಹಿ ಹಾಕಿಸಿಕೊಳ್ಳುವುದು ಇವಕ್ಕೆಲ್ಲ ನ್ಯಾಯ ಸಂಹಿತೆಯ ಮಾಮೂಲು ಕಲಮುಗಳೇ ಗತಿ. ಜಾಮೀನು ಹೇಗೆ ಅನ್ನುವುದು ಆ ಕಲಮುಗಳ ಮೇಲೆ ನಿಂತಿದೆ, ಪೆಟ್ಟು ತಿಂದವರ ವಯಸ್ಸಿನ ಮೇಲಲ್ಲ. ಬೆದರಿಕೆಗೆ, ಕೂಡಿಹಾಕಿದ್ದಕ್ಕೆ ಸಾಮಾನ್ಯವಾಗಿ ಜಾಮೀನು ಉಂಟು. ವಂಚನೆ ಮಾಡಿ ಆಸ್ತಿ ಬರೆಸಿಕೊಂಡರೆ 318(4), ಅದು ಜಾಮೀನು ರಹಿತ. ಕೊಲೆ ಯತ್ನ ಅಂತೂ ಹೇಳುವುದೇ ಬೇಡ.

1090ಕ್ಕೆ ಫೋನ್ ಮಾಡಿದ್ದು ನಮ್ಮ ಅತ್ತಿಗೆ. ಅಣ್ಣನ ಹೆಂಡತಿಯೇ. ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ ಅದು. ಈಗ ದೇಶಕ್ಕೆಲ್ಲ 14567 ಕೂಡ ಇದೆ. ಅವರಿಂದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ದಾರಿ ಗೊತ್ತಾಯಿತು. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನಮಗೆ ಸಿಕ್ಕ ಲಾಯರ್ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ, ಕಾಗದದ ಮೇಲೆ ಬಹಳ ಗಟ್ಟಿ. ಅವರು ಎರಡು ದಾರಿ ತೋರಿಸಿದರು. ಒಂದು, ಶಾಂತಿಭಂಗ ಮಾಡುವುದಿಲ್ಲ ಎಂದು ಪೊಲೀಸರಿಂದಲೇ ಅವನ ಹತ್ತಿರ ಬಾಂಡ್ ಬರೆಸುವುದು. ಠಾಣೆಯಲ್ಲಿ ಈಗಲೂ ‘107 ಹಾಕೋದು’ ಅಂತಲೇ ಅನ್ನುತ್ತಾರೆ, ಹೊಸ ಸುರಕ್ಷಾ ಸಂಹಿತೆಯಲ್ಲಿ ಅದು ಕಲಂ 126. ಇನ್ನೊಂದು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅರ್ಜಿ. ಅದು ಗಂಡ ಹೆಂಡತಿಗೆ ಮಾತ್ರ ಅಂತ ನಾವು ಅಂದುಕೊಂಡಿರುತ್ತೇವೆ. ತಾಯಿ ಮಗನ ವಿರುದ್ಧವೂ ಹಾಕಬಹುದು. ಮಗ ಮನೆ ಬಿಟ್ಟು ಹೊರಗೆ ಹೋಗಬೇಕು ಎಂದು ಮ್ಯಾಜಿಸ್ಟ್ರೇಟರು ಹೇಳಬಹುದು. ರಕ್ಷಣಾ ಆದೇಶ ಕೊಟ್ಟ ಮೇಲೆ ಅದನ್ನು ಮುರಿದರೆ ಆ ಮುರಿಯುವಿಕೆಯೇ ಜಾಮೀನು ರಹಿತ ಅಪರಾಧವಾಗುತ್ತದೆ. ಮೂಳೆ ಮುರಿದರೂ ಹಾಕಲಾಗದ ಷರತ್ತನ್ನು ಇಲ್ಲಿ ಹಾಕಿಸಬಹುದು. ಪೆಟ್ಟು ತಿನ್ನುತ್ತಿರುವವರು ತಂದೆಯಾಗಿದ್ದರೆ ಈ ದಾರಿ ಇಲ್ಲ, ಅದು ಹೆಂಗಸರಿಗೆ ಮಾತ್ರ. ಮುದಿ ತಂದೆಯರಿಗೂ ಇಂಥದೊಂದು ಬೇಕೇ ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆ ಅರ್ಜಿಯ ಕಾಗದ ತಯಾರಾಗುತ್ತಿರುವಾಗಲೇ ಎರಡನೆಯದು ನಡೆಯಿತು. ಕೈಯ ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ‘ಕೇಸ್ ವಾಪಸ್ ತಗೊ, ಇಲ್ಲ ಮನೆ ಬರೆದು ಕೊಡು’ ಅಂತ ಜಗಳ ತೆಗೆದು, ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಪಾತ್ರೆ ಎತ್ತಿ ಎರಚಿದ. ಎಡಗೈ ಮೊಣಕೈಯವರೆಗೆ, ಎರಡೂ ಪಾದದ ಮೇಲೆ ಬೊಬ್ಬೆ. ಅತ್ತಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಅತ್ತೆ ಕೈ ಸುಟ್ಟಿದೆ, ಬೇಗ ಬನ್ನಿ. ಈ ಸಲ ನಾನೇ ಸಾಕ್ಷಿ ಹೇಳ್ತೀನಿ.’

ಈ ಸಲ ನ್ಯಾಯ ಸಂಹಿತೆಯ ಕಲಂ 118(1). ಅಪಾಯಕಾರಿ ಆಯುಧದಿಂದ ಅಥವಾ ಬೆಂಕಿ, ಕಾದ ವಸ್ತು, ಆಸಿಡ್ಡಿನಂಥದ್ದರಿಂದ ಗಾಯ ಮಾಡುವುದು. ಶಿಕ್ಷೆ ಮೂರು ವರ್ಷದವರೆಗೆ, ಮೂಳೆ ಮುರಿದದ್ದಕ್ಕಿಂತ ಕಡಿಮೆ. ಆದರೆ ಇದು ಜಾಮೀನು ರಹಿತ. ಠಾಣೆಯಲ್ಲಿ ಬಿಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ, ಸಾಮಾನ್ಯವಾಗಿ ಕೋರ್ಟಿಗೇ ಹೋಗಬೇಕು. ಶಿಕ್ಷೆಯ ವರ್ಷ ನೋಡಿ ಜಾಮೀನಿನ ಲೆಕ್ಕ ಹಾಕುವುದು ಸರಿಯಲ್ಲ ಅನ್ನುವುದು ನಮಗೆ ಗೊತ್ತಾದದ್ದು ಹೀಗೆ. ಸುರಕ್ಷಾ ಸಂಹಿತೆಯ ಕೊನೆಯಲ್ಲಿರುವ ಪಟ್ಟಿಯಲ್ಲಿ ಆ ಕಲಮಿನ ಮುಂದೆ ಏನಿದೆ ಅಂತ ನೋಡಬೇಕು.

ಜಾಮೀನು ರಹಿತ ಅಂದ ಮಾತ್ರಕ್ಕೆ ಎಲ್ಲರನ್ನೂ ಹಿಡಿದು ಒಳಗೆ ಹಾಕುವುದಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ತಾನಾಗಿಯೇ ಆಗಬಾರದು, ಯಾಕೆ ಬೇಕು ಅನ್ನುವುದನ್ನು ಬರೆದಿಡಬೇಕು, ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು ಎಂದು ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಿನಲ್ಲಿ ಆರೋಪಿಯೇ ಅರವತ್ತು ದಾಟಿದವನಾಗಿದ್ದರೆ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ ಎಂದು ಸುರಕ್ಷಾ ಸಂಹಿತೆಯಲ್ಲಿ ಹೊಸದಾಗಿ ಸೇರಿದೆ. ತೊಂಬತ್ತರ ತಂದೆತಾಯಿಯನ್ನು ನೋಡಿಕೊಳ್ಳುವ ಮಕ್ಕಳಿಗೇ ಅರವತ್ತೈದಾಗಿರುವ ಕಾಲ ಇದು. ಅಣ್ಣನ ವಿಷಯದಲ್ಲಿ ತನಿಖಾಧಿಕಾರಿ ಕಾರಣ ಬರೆದರು: ಮೊದಲ ಕೇಸಿನಲ್ಲಿ ಜಾಮೀನಿನ ಮೇಲಿರುವಾಗಲೇ ಮತ್ತೆ ಮಾಡಿದ್ದಾನೆ, ದೂರುದಾರರ ಜತೆಗೇ ವಾಸವಿದ್ದಾನೆ, ಕೇಸು ವಾಪಸ್ ಪಡೆಯುವಂತೆ ಹೆದರಿಸಿದ್ದಾನೆ. ಮೊದಲ ಎಫ್‌ಐಆರ್ ಇಲ್ಲದಿದ್ದರೆ ಈ ಮೂರು ಸಾಲು ಬರೆಯಲು ಅವರ ಹತ್ತಿರ ಏನೂ ಇರುತ್ತಿರಲಿಲ್ಲ. ಸಂಜೆಯೇ ಹೊರಗೆ ಬಂದ ಕೇಸು ವ್ಯರ್ಥ ಅಂದವರಿಗೆ ನಾನು ಇದನ್ನೇ ಹೇಳುತ್ತೇನೆ.

ಇಪ್ಪತ್ತನಾಲ್ಕು ಗಂಟೆಯೊಳಗೆ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹಾಜರುಪಡಿಸಿದರು. ನ್ಯಾಯಾಂಗ ಬಂಧನ. ಪರಪ್ಪನ ಅಗ್ರಹಾರ.

ದೊಡ್ಡಮ್ಮ ಅತ್ತದ್ದು ಅವತ್ತೇ. ಸುಟ್ಟಾಗ ಅತ್ತಿರಲಿಲ್ಲ. ‘ಅವನಿಗೆ ಬಿಪಿ ಮಾತ್ರೆ ಕೊಡ್ತಾರಾ ಅಲ್ಲಿ? ನೆಲದ ಮೇಲೆ ಮಲಗಿದ್ರೆ ಸೊಂಟ ಹಿಡ್ಕೊಳುತ್ತೆ ಅವನಿಗೆ’ ಅಂತ ಒಂದೇ ಸಮನೆ. ನನಗೆ ಸಿಟ್ಟೂ ಬಂತು, ಕಣ್ಣೀರೂ ಬಂತು. ಅದೇ ಹೊತ್ತಿಗೆ ದೂರು ಬೇಡ ಅಂದಿದ್ದ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ‘ಹೆತ್ತ ಮಗನ್ನ ಜೈಲಿಗೆ ಕಳಿಸಿದ ತಾಯಿ ಅಂತ ಅನ್ನಿಸ್ಕೋಬೇಡಿ, ರಾಜಿ ಮಾಡ್ಕೊಳಿ’ ಎಂದು ಉಪದೇಶ ಮಾಡಿ ಕಾಫಿ ಕುಡಿದು ಹೋದರು. ಬ್ಯಾಂಡೇಜು ಸುತ್ತಿದ ಪಾದವನ್ನು ಅವರ ಕಣ್ಣೆದುರಿಗೇ ಸ್ಟೂಲಿನ ಮೇಲೆ ಚಾಚಿಕೊಂಡಿದ್ದರು ದೊಡ್ಡಮ್ಮ.

ಅವನ ಕಡೆಯ ವಕೀಲರು ಸುರಕ್ಷಾ ಸಂಹಿತೆಯ ಕಲಂ 480ರಡಿ ಜಾಮೀನು ಅರ್ಜಿ ಹಾಕಿದರು. ಮರಣದಂಡನೆ, ಜೀವಾವಧಿಯಂಥ ಅಪರಾಧ ಅಲ್ಲದ ಕಾರಣ ಮ್ಯಾಜಿಸ್ಟ್ರೇಟರೇ ಜಾಮೀನು ಕೊಡಬಹುದು. ಅಲ್ಲಿ ಆಗದಿದ್ದರೆ ಸೆಷನ್ಸ್ ಕೋರ್ಟು, ಆಮೇಲೆ ಹೈಕೋರ್ಟು, ಕಲಂ 483. ಬಂಧನಕ್ಕೆ ಮೊದಲೇ ಹೆದರಿ ಓಡುವವರು 482ರಲ್ಲಿ ನಿರೀಕ್ಷಣಾ ಜಾಮೀನು ಕೇಳುತ್ತಾರೆ, ಅದನ್ನು ಸೆಷನ್ಸ್ ಅಥವಾ ಹೈಕೋರ್ಟು ಮಾತ್ರ ಕೊಡಬಹುದು. ಮೂರು ವರ್ಷದ ಶಿಕ್ಷೆಯ ಕೇಸಾದ್ದರಿಂದ ಪೊಲೀಸರು ಅರವತ್ತು ದಿನದೊಳಗೆ ದೋಷಾರೋಪ ಪಟ್ಟಿ ಹಾಕದಿದ್ದರೆ ಜಾಮೀನು ಅವನ ಹಕ್ಕಾಗಿಬಿಡುತ್ತದೆ ಎಂದೂ ಲಾಯರ್ ಮೇಡಂ ಎಚ್ಚರಿಸಿದರು. ‘ಅವನು ಇವತ್ತಲ್ಲ ನಾಳೆ ಹೊರಗೆ ಬಂದೇ ಬರ್ತಾನೆ. ಬರಬಾರದು ಅಂತ ವಾದ ಮಾಡೋಕಿಂತ, ಬಂದ ಮೇಲೆ ಏನು ಅನ್ನೋದನ್ನ ಕೋರ್ಟ್ ಮುಂದೆ ಇಡೋಣ’ ಅಂದರು. ಇಡೀ ಕೇಸಿನಲ್ಲಿ ನನಗೆ ಸಿಕ್ಕ ಅತಿ ಬೆಲೆಯ ಮಾತು ಅದು.

ನಾನೂ ಹಾಗೇ ನಂಬುತ್ತೇನೆ. ವಿಚಾರಣೆ ಮುಗಿಯುವ ಮೊದಲೇ ಯಾರನ್ನೂ ಶಿಕ್ಷೆಯೆಂಬಂತೆ ಒಳಗಿಡಬಾರದು. ಆಸ್ತಿ ಜಗಳದಲ್ಲಿ ಸುಳ್ಳು ದೂರು ಕೊಡುವವರೂ ಇದ್ದಾರೆ, ಒಬ್ಬ ಮಗ ಇನ್ನೊಬ್ಬ ಮಗನ ಮೇಲೆ ತಾಯಿಯ ಕೈಯಲ್ಲಿ ಹೆಬ್ಬೆಟ್ಟು ಒತ್ತಿಸುವುದೂ ಉಂಟು. ಜಾಮೀನು ಇರಲೇಬೇಕು. ಆದರೆ ಕೊಡುವಾಗ ಆ ಮನೆಯ ನಕ್ಷೆ ನ್ಯಾಯಾಧೀಶರ ಕಣ್ಣ ಮುಂದಿರಬೇಕು: ಯಾರ ಹೆಸರಿನ ಮನೆ, ಎಷ್ಟು ಕೋಣೆ, ಅಡುಗೆ ಯಾರು ಮಾಡುತ್ತಾರೆ, ಮಾತ್ರೆ ಯಾರು ಕೊಡುತ್ತಾರೆ, ಪೆನ್ಶನ್ನಿನ ಎಟಿಎಂ ಕಾರ್ಡು ಯಾರ ಹತ್ತಿರ. ಸರ್ಕಾರಿ ಅಭಿಯೋಜಕರ ಕೈಯಲ್ಲಿ ದಿನಕ್ಕೆ ರಾಶಿ ಫೈಲು, ಇದೆಲ್ಲ ಅವರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವರು ನಾವು. ಅಪರಾಧಕ್ಕೆ ಗುರಿಯಾದವರಿಗೆ ಜಾಮೀನಿನ ಹಂತದಲ್ಲೂ ತಮ್ಮ ಮಾತು ಹೇಳುವ ಹಕ್ಕಿದೆ ಎಂದು 2022ರಲ್ಲಿ ಲಖೀಂಪುರ ಖೇರಿ ಪ್ರಕರಣದ ಜಾಮೀನಿನ ವಿಷಯದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಅದನ್ನು ಹಿಡಿದು ಮೇಡಂ ದೊಡ್ಡಮ್ಮನ ಪರವಾಗಿ ಮೆಮೊ ಹಾಕಿದರು. ಜತೆಗೆ ಎರಡೂ ಗಾಯದ ಪ್ರಮಾಣಪತ್ರ, ಮೊದಲ ಎಫ್‌ಐಆರ್, ಮನೆಯ ಖಾತಾ, ಅತ್ತಿಗೆಯ ಹೇಳಿಕೆ.

ಅವತ್ತು ದೊಡ್ಡಮ್ಮ ಬರಲೇಬೇಕು ಅಂತೇನೂ ಇರಲಿಲ್ಲ. ಬರುತ್ತೇನೆ ಅಂದರು. ಆಟೋದಲ್ಲಿ ಕಾರ್ಪೊರೇಷನ್ ಸರ್ಕಲ್ ದಾಟುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಕೋರ್ಟು ಹಾಲ್ ತುಂಬಿತ್ತು. ಅಣ್ಣನನ್ನು ಜೈಲಿನಿಂದ ವಿಡಿಯೊದಲ್ಲಿ ತೋರಿಸಿದರು. ಪರದೆಯಲ್ಲಿ ಅವನ ಮುಖ ಕಂಡದ್ದೇ ದೊಡ್ಡಮ್ಮ ತಲೆ ತಗ್ಗಿಸಿದರು. ಅವನ ವಕೀಲರು ಹೇಳಿದ್ದು: ಕುಟುಂಬದೊಳಗಿನ ಸಣ್ಣ ಮಾತು, ಪಾತ್ರೆ ಕೈತಪ್ಪಿ ಬಿತ್ತು, ತಾಯಿಗೆ ಇವನೇ ಆಧಾರ, ಇವನಿಲ್ಲದೆ ಆಕೆಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ಇಂಥ ಕೇಸುಗಳಲ್ಲಿ ಈ ಕೊನೆಯ ಮಾತು ಬಂದೇ ಬರುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು. ಹಿಂಸೆ ಕೊಟ್ಟವನೇ ಆರೈಕೆಯ ಹೆಸರಿನಲ್ಲಿ ವಾಪಸ್ ಅದೇ ಮನೆಗೆ ಬರುವುದು ಹೀಗೆ. ಅದಕ್ಕೆ ಉತ್ತರ ತಯಾರಿಟ್ಟುಕೊಂಡಿದ್ದೆವು: ಅತ್ತಿಗೆ ಮನೆಯಲ್ಲೇ ಇರುತ್ತಾರೆ, ಬೆಳಿಗ್ಗೆ ನರ್ಸಿಂಗ್ ಓದಿದ ಪಕ್ಕದ ಮನೆಯ ಹುಡುಗಿ ಡ್ರೆಸಿಂಗ್ ಮಾಡುತ್ತಾಳೆ, ಪೆನ್ಶನ್ ದೊಡ್ಡಮ್ಮನ ಖಾತೆಗೇ ಬರುತ್ತದೆ.

ಮ್ಯಾಜಿಸ್ಟ್ರೇಟರು ಕುರ್ಚಿ ಹಾಕಿಸಿ ಕೂರಿಸಿ ನೇರವಾಗಿ ಕೇಳಿದರು. ‘ಅಜ್ಜಿ, ನೀವು ಏನು ಹೇಳ್ತೀರಿ?’

‘ಅವನು ಜೈಲಲ್ಲಿರೋದು ನಂಗೆ ಬೇಡ ಸ್ವಾಮಿ. ನನ್ನ ಮನೆಗೆ ಬರೋದೂ ಬೇಡ.’

ಅಷ್ಟೇ ಆಡಿದ್ದು. ಆದೇಶ ಹೆಚ್ಚುಕಡಿಮೆ ಅದೇ ಆಯಿತು. ಐವತ್ತು ಸಾವಿರ ರೂಪಾಯಿಯ ವೈಯಕ್ತಿಕ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಶ್ಯೂರಿಟಿ, ಅಂದರೆ ಜಾಮೀನುದಾರ. ದೂರುದಾರರ ಮನೆಗೆ, ಆ ಬೀದಿಗೆ ಹೋಗಬಾರದು. ನೇರವಾಗಿ ಆಗಲಿ, ಬೇರೆಯವರ ಮೂಲಕ ಆಗಲಿ, ಫೋನಿನಲ್ಲಾಗಲಿ ಸಂಪರ್ಕಿಸಬಾರದು. ಸಾಕ್ಷಿಗಳನ್ನು ಹೆದರಿಸಬಾರದು. ಪ್ರತಿ ಭಾನುವಾರ ಠಾಣೆಯಲ್ಲಿ ಸಹಿ. ತಾನಿರುವ ಹೊಸ ವಿಳಾಸವನ್ನು ಪುರಾವೆ ಸಮೇತ ಕೊಡಬೇಕು. ಕೊನೆಯ ಷರತ್ತನ್ನು ಮೇಡಂ ಕೇಳಿ ಹಾಕಿಸಿದ್ದು. ಅದಿಲ್ಲದಿದ್ದರೆ ‘ಎಲ್ಲಿಗೆ ಹೋಗಲಿ’ ಅಂತ ಎರಡನೆಯ ದಿನವೇ ಬಾಗಿಲು ಬಡಿಯುತ್ತಿದ್ದ.

ಆಮೇಲೆ ಶ್ಯೂರಿಟಿಯ ಪಾಡು. ರಾಜಿಯ ಉಪದೇಶ ಮಾಡಿದ್ದ ನೆಂಟರಲ್ಲಿ ಒಬ್ಬರೂ ಪಹಣಿ ಹಿಡಿದು ಬರಲಿಲ್ಲ. ಒಬ್ಬರಿಗೆ ಜಮೀನು ಜಂಟಿ ಖಾತೆ, ಇನ್ನೊಬ್ಬರಿಗೆ ಬೆನ್ನುನೋವು. ಕೋರ್ಟಿನ ಹೊರಗೆ ‘ಶ್ಯೂರಿಟಿ ಬೇಕಾ’ ಎಂದು ಮೆಲ್ಲಗೆ ಕೇಳುವವರು ಸಿಕ್ಕರು. ಅತ್ತ ತಲೆ ಹಾಕಬೇಡಿ. ಸುಳ್ಳು ದಾಖಲೆ ಕೊಟ್ಟ ಜಾಮೀನುದಾರ ಸಿಕ್ಕಿಬಿದ್ದರೆ ಅದು ಹೊಸ ಕ್ರಿಮಿನಲ್ ಕೇಸು, ಜಾಮೀನೂ ಹೋಗುತ್ತದೆ. ಕೊನೆಗೆ ದೊಡ್ಡಮ್ಮ ತಾವೇ ತಮ್ಮ ತಮ್ಮನಿಗೆ, ಮದ್ದೂರಿನ ಹತ್ತಿರದ ಊರಿನಲ್ಲಿರುವ ನನ್ನ ಮಾವನಿಗೆ ಫೋನ್ ಮಾಡಿದರು. ‘ಅವನನ್ನ ಬಿಡಿಸ್ಕೊಂಡು ಬಾರೋ. ಆದ್ರೆ ನಿನ್ ಜತೆ ಮಾತ್ರ ಮಾತಾಡ್ಲಿ, ನನ್ ಜತೆ ಬೇಡ.’

ಮಾವ ಬೆಳಗಿನ ಪ್ಯಾಸೆಂಜರಿನಲ್ಲಿ ಬಂದಿಳಿದರು. ಚೀಲದಲ್ಲಿ ಪಹಣಿ, ಆಧಾರ್, ಫೋಟೊ. ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರು: ಆರೋಪಿ ನಿಮಗೆ ಏನಾಗಬೇಕು, ಜಮೀನು ಎಷ್ಟಿದೆ, ಬೆಲೆ ಎಷ್ಟಾಗುತ್ತೆ, ಸಾಲ ಇದೆಯಾ, ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ. ಕೊನೆಯ ಪ್ರಶ್ನೆಗೆ ಕೋರ್ಟಿನ ಮುಂದೆ ಘೋಷಣೆ ಕೊಡಬೇಕು, ಅದು ಕಾನೂನಿನಲ್ಲೇ ಇದೆ. ‘ಇವರು ಕೋರ್ಟಿಗೆ ಬರದಿದ್ದರೆ ಐವತ್ತು ಸಾವಿರ ನೀವು ಕಟ್ಟಬೇಕಾಗುತ್ತೆ, ಗೊತ್ತಲ್ಲ?’ ಎಂದರು. ‘ಗೊತ್ತು ಸ್ವಾಮಿ’ ಅಂದರು ಮಾವ. ಅವರ ಮುಖ ನೋಡಿ ನನಗೆ ತುಂಬ ಗೌರವ ಬಂತು. ಅಕ್ಕನ ಕೈ ಸುಟ್ಟವನಿಗೆ, ಅಕ್ಕನ ಮಾತಿಗೇ, ತನ್ನ ಹೊಲದ ಪಹಣಿ ಇಟ್ಟ ಮನುಷ್ಯ.

ಶ್ಯೂರಿಟಿ ಹೊಂದಿಸಲಾಗದೆ ಜಾಮೀನು ಸಿಕ್ಕ ಮೇಲೂ ಒಳಗೇ ಉಳಿಯುವ ಬಡವರು ಬಹಳ ಜನ. ಆದೇಶವಾಗಿ ತಿಂಗಳಾದರೂ ಶ್ಯೂರಿಟಿ ಬಾರದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ತಾನಾಗಿಯೇ ಪರಿಶೀಲಿಸಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ಜೈಲಿನಲ್ಲಿರುವವರಿಗೂ ಸಿಗುತ್ತಾರೆ, ಹೆಂಡತಿ ಮಕ್ಕಳು ಕೇಳಿಕೊಂಡರೆ ಸಾಕು.

ಬಿಡುಗಡೆ ಆದೇಶ ಜೈಲು ತಲುಪಿ ಅಣ್ಣ ಹೊರಗೆ ಬಂದ ಸಂಜೆ ಮಾವ ಗೇಟಿನ ಹತ್ತಿರ ಇದ್ದರು. ಕೆಂಗೇರಿಯಲ್ಲಿ ಒಂದು ರೂಮು ಮೊದಲೇ ನೋಡಿಟ್ಟಿದ್ದೆವು, ಅಲ್ಲಿಗೇ ಕರೆದುಕೊಂಡು ಹೋದರು. ಬಟ್ಟೆ, ಬಿಪಿ ಮಾತ್ರೆ, ಚಾರ್ಜರು, ಬ್ಯಾಂಕ್ ಪುಸ್ತಕ ಎಲ್ಲವನ್ನೂ ಅತ್ತಿಗೆ ಗಂಟು ಕಟ್ಟಿ ಠಾಣೆಯಲ್ಲಿ ಪಟ್ಟಿ ಬರೆಸಿ ಕೊಟ್ಟಿದ್ದರು. ಇದು ಸಣ್ಣ ವಿಷಯ ಅನ್ನಿಸಬಹುದು. ‘ನನ್ನ ಸಾಮಾನು ತಗೊಂಡು ಹೋಗೋಕೆ ಬಂದೆ’ ಅನ್ನುವ ನೆಪ ಇಲ್ಲದಂತೆ ಮಾಡಿದ್ದು ಆ ಪಟ್ಟಿಯೇ.

ಆದೇಶದ ದೃಢೀಕೃತ ಪ್ರತಿಯನ್ನು ನಾವೇ ತೆಗೆಸಿ ಠಾಣೆಗೆ ಒಂದು, ಬೀಟ್ ಪೊಲೀಸರಿಗೆ ಒಂದು, ಬೀರುವಿನಲ್ಲಿ ಒಂದು ಇಟ್ಟೆವು. ಷರತ್ತು ಕಾಗದದಲ್ಲಿದ್ದರೆ ಸಾಲದು, ರಾತ್ರಿ ಹನ್ನೊಂದಕ್ಕೆ ಬರುವ ಹೊಯ್ಸಳ ಗಸ್ತು ವಾಹನದ ಪೊಲೀಸರಿಗೆ ತೋರಿಸುವಂತಿರಬೇಕು. ಕೆಲವು ದಿನಕ್ಕೆ ಅಣ್ಣ ತನ್ನ ಮಗಳ ಫೋನಿನ ಮೂಲಕ ಶುರುಮಾಡಿದ. ‘ಅಜ್ಜಿಗೆ ಕೊಡು, ಒಂದೇ ನಿಮಿಷ ಮಾತಾಡ್ತೀನಿ.’ ಅತ್ತಿಗೆ ಸ್ಕ್ರೀನ್‌ಶಾಟ್ ತೆಗೆದು ತನಿಖಾಧಿಕಾರಿಗೆ ಕೊಟ್ಟರು. ಷರತ್ತು ಮುರಿದರೆ ಜಾಮೀನು ಕೊಟ್ಟ ಕೋರ್ಟಾಗಲಿ, ಮೇಲಿನ ಕೋರ್ಟಾಗಲಿ ಅದನ್ನು ರದ್ದು ಮಾಡಿ ಮತ್ತೆ ಬಂಧಿಸಲು ಹೇಳಬಹುದು, ಆ ಅರ್ಜಿಯನ್ನು ನಾವೂ ಹಾಕಬಹುದು. ತನಿಖಾಧಿಕಾರಿ ಅವನನ್ನು ಕರೆಸಿ ಎಚ್ಚರಿಕೆ ಕೊಟ್ಟ ಮೇಲೆ ಫೋನು ನಿಂತಿತು.

ಈ ಮಧ್ಯೆ ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೂ 2007ರ ಕಾಯ್ದೆಯಡಿ ಅರ್ಜಿ ಕೊಟ್ಟೆವು. ಜಾಮೀನಿನ ಷರತ್ತು ಕೇಸು ಇರುವವರೆಗೆ ಮಾತ್ರ, ಆಮೇಲೂ ದೊಡ್ಡಮ್ಮ ನೆಮ್ಮದಿಯಾಗಿರಬೇಕಲ್ಲ. ಅಲ್ಲಿ ತಿಂಗಳಿಗೆ ಹತ್ತು ಸಾವಿರದವರೆಗೆ ಜೀವನಾಂಶ ಕೊಡಿಸುವ ಅಧಿಕಾರವಿದೆ, ಹಿರಿಯರ ರಕ್ಷಣೆಗೆ ಅಗತ್ಯವಾದರೆ ಮಗನನ್ನು ಮನೆಯಿಂದ ಹೊರಗೆ ಕಳಿಸುವ ಆದೇಶವನ್ನೂ ಮಾಡಬಹುದು. ಆದರೆ ಆ ಹೆಸರಿನಲ್ಲಿ ಸೊಸೆಯ ವಾಸದ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಎಸ್. ವನಿತಾ ಅವರ ಕೇಸಿನಲ್ಲಿ. ನಮ್ಮಲ್ಲಿ ಆ ಪ್ರಶ್ನೆಯೇ ಬರಲಿಲ್ಲ. ಅರ್ಜಿಯ ಮೊದಲ ಪುಟದಲ್ಲೇ ದೊಡ್ಡಮ್ಮ ‘ನನ್ನ ಸೊಸೆ, ಮೊಮ್ಮಗಳು ನನ್ನ ಜತೆಗೇ ಇರತಕ್ಕದ್ದು’ ಎಂದು ಬರೆಸಿದರು. ನೀವು ಈಗಾಗಲೇ ಮನೆ ಬರೆದುಕೊಟ್ಟು ಕೂತಿದ್ದರೂ ಹತಾಶರಾಗಬೇಡಿ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟದ್ದಾಗಿದ್ದರೆ, ನೋಡಿಕೊಳ್ಳದಿದ್ದಾಗ 2007ರ ಅದೇ ಕಾಯ್ದೆಯ ಕಲಂ 23ರಡಿ ಅದನ್ನು ರದ್ದು ಮಾಡಿಸಬಹುದು.

ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ, ಅದರ ಪ್ರತಿ ದೊಡ್ಡಮ್ಮನಿಗೂ ಸಿಕ್ಕಿದೆ. ಗೌರಿ ಹಬ್ಬಕ್ಕೆ ಮೊದಲು ಅಣ್ಣ ಷರತ್ತು ಸಡಿಲಿಸಿ, ಮನೆಗೆ ಹೋಗಲು ಬಿಡಿ ಎಂದು ಅರ್ಜಿ ಹಾಕಿದ್ದ. ಕುಡಿತ ಬಿಟ್ಟಿದ್ದೇನೆ ಎಂದು ಆಸ್ಪತ್ರೆಯ ಚೀಟಿಯನ್ನೂ ಲಗತ್ತಿಸಿದ್ದ. ಅದು ನಿಜವಾಗಿದ್ದರೆ ಎಲ್ಲರಿಗಿಂತ ಹೆಚ್ಚು ಖುಷಿ ನನಗೇ. ದೊಡ್ಡಮ್ಮ ಆ ಚೀಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿಸಿ ಕೇಳಿಸಿಕೊಂಡರು. ಆಮೇಲೆ ಆಕ್ಷೇಪಣೆಯ ಕಾಗದಕ್ಕೆ, ಮುರಿದು ಕೂಡಿಕೊಂಡ ಕೈಯಲ್ಲಿ ನಿಧಾನವಾಗಿ ಸಹಿ ಹಾಕಿದರು. ಅರ್ಜಿ ವಜಾ ಆಯಿತು. ಸಾಕ್ಷಿ ವಿಚಾರಣೆಗೆ ದಿನಾಂಕ ಕೊಟ್ಟಿದ್ದಾರೆ, ಮೊದಲ ಸಾಕ್ಷಿ ದೊಡ್ಡಮ್ಮ, ಎರಡನೆಯವರು ಅತ್ತಿಗೆ.